ಖಾಲಿ ಬಿಟ್ಟ ಕೊನೆಯ ಖಾನೆ

ಕಾಕಾ ತೀರಿಕೊಂಡ ದಿನ ಸಂಜೆ ಅವರ ಮಗಳು ಗದ್ವಾಲದಿಂದ ಫೋನ್ ಮಾಡಿದಳು. ಅತ್ತು ಅತ್ತು ದನಿ ಕಟ್ಟಿತ್ತು. ಆದರೂ ಅಪ್ಪನ ಮಗಳಲ್ಲವೇ, ಕೆಲಸದ ಮಾತನ್ನೇ ಮೊದಲು ಆಡಿದಳು.

"ಅಕ್ಕಾ, ಅಪ್ಪಂದು ಒಂದು ಫೋಟೋ ಬೇಕಾಗೈತಿ. ಫ್ಲೆಕ್ಸ್ ಮಾಡೋರು ಕೇಳಾಕತ್ಯಾರ. ನಿನ್ನ ಫೋನಿನ್ಯಾಗ ಮಾರಿ ಕಾಣೋದು ಯಾವ್ದರ ಇದ್ರ ಜಲ್ದಿ ಕಳಸು."

ನಾನು ಫೋನು ತೆರೆದು ಕೂತೆ. ಕಾಕಾನ ಫೋಟೋಗಳಿಗೆ ನನ್ನಲ್ಲಿ ಬರವಿರಲಿಲ್ಲ. ಯುಗಾದಿಯ ದಿನ ನಮ್ಮ ಅಂಗಳದಲ್ಲಿ ನಿಂತದ್ದು, ನನ್ನ ಮಗಳ ಹುಟ್ಟುಹಬ್ಬದಲ್ಲಿ ಕೇಕಿನ ಪಕ್ಕ ನಿಂತದ್ದು, ಅಂಗಡಿಯವರು ಅವರ ನಿವೃತ್ತಿಗೆ ಸನ್ಮಾನ ಮಾಡಿದ್ದು. ಎಲ್ಲದರಲ್ಲೂ ಕಾಕಾ ಇದ್ದರು. ಎಲ್ಲದರಲ್ಲೂ ನಮಗೆ ಬೆನ್ನು ಮಾಡಿದ್ದರು. ಸನ್ಮಾನದ ಫೋಟೋ ಅಂತೂ ಕೇಳಲೇಬೇಡಿ. ಅಂಗಡಿಯ ಸಾವ್ಕಾರರು ಶಾಲು ಹೊದಿಸಿ, ಕೈ ಮುಗಿದು, ಗಂಭೀರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಈ ಪುಣ್ಯಾತ್ಮ ಮಾತ್ರ ಗರ್ರನೆ ತಿರುಗಿ ಶಾಲಿನ ಅಂಚನ್ನು ಸಭೆಗೆ ತೋರಿಸುತ್ತಿದ್ದಾರೆ! ಸಾವಿನ ಮನೆಯ ಫೋನು ಬಂದ ಹೊತ್ತಿನಲ್ಲಿ ನಾನು ಒಬ್ಬಳೇ ಕೂತು ನಕ್ಕುಬಿಟ್ಟೆ. ಅಳು ಆಮೇಲೆ ಬಂತು.

ತೆಲಂಗಾಣದ ಗಡಿಯ ನಮ್ಮ ನಾರಾಯಣಪೇಟೆಯಲ್ಲಿ ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಹತ್ತಿಕೊಂಡಿತ್ತು. ನಾನು ಮಖ್ತಲ್ ಕಡೆಯ ಒಂದು ಕನ್ನಡ ಶಾಲೆಯ ಟೀಚರು, ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುವವಳು. ಅವರು ಪೇಟೆಯ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದರು. ನಮಗೂ ಅವರಿಗೂ ರಕ್ತಸಂಬಂಧ ಏನೂ ಇರಲಿಲ್ಲ. ಆದರೆ ನನಗೆ, ನನ್ನ ಗಂಡನಿಗೆ, ಇಡೀ ಓಣಿಗೆ, ಕೊನೆಗೆ ಅವರಿಗಿಂತ ಹಿರಿಯರಾದ ಸಾವ್ಕಾರರಿಗೂ ಅವರು ಕಾಕಾ. ಅವರ ಹೆಂಡತಿ ಕಾಕಿ.

ಕಾಕಾ ಸೀರೆ ತೋರಿಸುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಏನೂ ಕೊಳ್ಳದೆ ಆ ಅಂಗಡಿಯ ಗಾದಿಯ ಮೇಲೆ ಕೂತಿದ್ದೇನೆ. ಮೊದಲು ಸೀರೆಯ ಮೈ ಹರವುವರು. ಆಮೇಲೆ ಅಂಚು ಎತ್ತಿ ಬೆಳಕಿಗೆ ಹಿಡಿಯುವರು. ಸೆರಗಿನ ಸರದಿ ಬಂತೆಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಧಡಕ್ಕನೆ ಎದ್ದು ನಿಂತು, ಸೆರಗನ್ನು ತಮ್ಮ ಎಡ ಹೆಗಲ ಮೇಲೆ ಎಸೆದುಕೊಂಡು, ಗಿರಾಕಿಗಳಿಗೆ ಬೆನ್ನು ಮಾಡಿ ನಿಲ್ಲುವರು. ಮುಂದಿನಿಂದ ನೋಡಿದರೆ ಹುರಿಮೀಸೆ, ಬಿಳಿ ಅಂಗಿ, ದುಂಡನೆಯ ಹೊಟ್ಟೆ. ಹಿಂದಿನಿಂದ ನೋಡಿದರೆ ಅರಿಶಿನ ಕುಂಕುಮಕ್ಕೆ ಹೊರಟ ಗರತಿ. ಹಾಗೆ ನಿಂತುಕೊಂಡೇ ಎದುರಿನ ಗೋಡೆಯ ಜೊತೆ ಮಾತಾಡಿದಂತೆ ಮಾತಾಡುವರು.

"ನೋಡ್ರಿ ಅಮ್ಮಾ, ಮನಷ್ಯಾಗ ಮಾರಿ ಮುಂದ ಇರತೈತಿ, ಸೀರಿಗೆ ಮಾರಿ ಬೆನ್ನಿನ ಮ್ಯಾಲ ಇರತೈತಿ."

ಗಿರಾಕಿ ತೆಲುಗಿನವರಾದರೆ ಇದನ್ನೇ ತೆಲುಗಿನಲ್ಲಿ, ಮುಸ್ಲಿಮರ ಮನೆಯ ಹೆಂಗಸರಾದರೆ ಇದನ್ನೇ ದಖನಿಯಲ್ಲಿ ಹೇಳುವರು. ಭಾಷೆ ಬದಲಾಗುತ್ತಿತ್ತು, ಬೆನ್ನು ಬದಲಾಗುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಅದೇ ಅವರ ಚಾಳಿಯಾಗಿತ್ತು. ಮನಸ್ಸಿನ ಮಾತು ಆಡಬೇಕಾದಾಗಲೆಲ್ಲ ಅವರು ತಿರುಗಿ ನಿಲ್ಲುತ್ತಿದ್ದರು. ಮಗಳಿಗೆ ಬೈಯುವಾಗ ಕಿಟಕಿ ನೋಡಿ ಬೈಯುತ್ತಿದ್ದರು. ನನ್ನ ಗಂಡನಿಗೆ ಜ್ವರ ಬಂದು ಮಲಗಿದ್ದಾಗ ನಮ್ಮ ಮನೆಗೆ ಬಂದು, ಕ್ಯಾಲೆಂಡರು ನೋಡುತ್ತಾ, "ಏನರ ಬೇಕಾದ್ರ ರಾತ್ರಿ ಬಾಗ್ಲ ಬಡೀರಿ, ಸಂಕೋಚ ಮಾಡ್ಬ್ಯಾಡ್ರಿ" ಎಂದು ಕ್ಯಾಲೆಂಡರಿಗೆ ಹೇಳಿ ಹೋಗಿದ್ದರು.

ನಮ್ಮ ಊರಲ್ಲಿ ಇದು ಅಂಥ ವಿಚಿತ್ರವೇನೂ ಅಲ್ಲ. ಹೊಸ ಸೀರೆ ಉಟ್ಟುಕೊಂಡು ಓಣಿಗೆ ಕಾಲಿಟ್ಟರೆ ಸಾಕು, ಕಟ್ಟೆಯ ಮೇಲೆ ಕೂತವರ ಮೊದಲ ಮಾತೇ "ತಿರುಗು, ನೋಡೋಣ." ಹೇಗಿದ್ದೀ, ಎಲ್ಲಿಗೆ ಹೊರಟೀ ಎನ್ನುವುದೆಲ್ಲ ಆಮೇಲೆ. ನಾವೂ ಗಪ್ಪನೆ ತಿರುಗಿ ಸೆರಗು ಹರವಿ ನಿಲ್ಲುತ್ತೇವೆ. ಮದುವೆಯಾಗಿ ರಾಯಚೂರಿನಿಂದ ಬಂದ ಹೊಸದರಲ್ಲಿ ನನಗೆ ಇದು ಅವಮಾನ ಅನ್ನಿಸಿತ್ತು. ಈಗ ಯಾರಾದರೂ ತಿರುಗು ಅನ್ನದಿದ್ದರೆ ಬೇಜಾರಾಗುತ್ತದೆ.

ಕಾಕಾಗೆ ಸಿನಿಮಾ ಹುಚ್ಚು. ಆದರೆ ಕಥೆಗಿಥೆ ಅವರಿಗೆ ಬೇಕಾಗಿರಲಿಲ್ಲ. ನಮ್ಮ ಮನೆಯ ಟಿ.ವಿ. ಮುಂದೆ ಕೂತರೆಂದರೆ ನಾವು ಯಾರೂ ಅಳುವ ಹಾಗಿರಲಿಲ್ಲ. ನಾಯಕಿ ತಾಯಿಯ ಹೆಣದ ಮುಂದೆ ಬಿದ್ದು ಹೊರಳಾಡುತ್ತಿದ್ದರೆ, "ತಂಗೀ, ನಿಂತಾಗ ಸೆರಗಿಗೆ ಪಿನ್ನು ಇರ್ಲಿಲ್ಲ, ಬಿದ್ದಾಗ ಪಿನ್ನು ಬಂತು ನೋಡು. ಅಳೋದ್ರಾಗ ಯಾರರ ಪಿನ್ ಹಚ್ಕೋತಾರೇನು?" ಎನ್ನುವರು. ನನ್ನ ಕಣ್ಣೀರು ಅಲ್ಲಿಗೇ ಬತ್ತುತ್ತಿತ್ತು. ಕಾಕಿ ತಮ್ಮ ಮನೆಯ ಒಳಗಿನಿಂದ, "ಅವ್ರನ್ನ ಎಬ್ಬಿಸಿ ಕಳಸವಾ, ನೀ ಆರಾಮ ಅಳು" ಎಂದು ಕೂಗುವರು.

ಕಾಕಿಯ ನಗು ಇಡೀ ಓಣಿಗೆ ಗೊತ್ತು. ಬಾವಿಕಟ್ಟೆಯ ಹತ್ತಿರ ನಕ್ಕರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಆದರೆ ಆ ನಗುವ ಮುಖದ ಒಂದು ಫೋಟೋ ಕೂಡ ಆ ಮನೆಯಲ್ಲಿ ಇರಲಿಲ್ಲ. ಮದುವೆಯ ಫೋಟೋದಲ್ಲಿ ಸೆರಗು ಗದ್ದದ ತನಕ ಇಳಿದಿದೆ. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವರದು ಒಂದು ಕೈ, ಒಂದು ಹೆಗಲು, ಎಲ್ಲೋ ಕಂಬದ ಮರೆಯಲ್ಲಿ ಅರ್ಧ ತಲೆ. ಆಧಾರ್ ಕಾರ್ಡಿನಲ್ಲಿ ಸರಕಾರ ಬಿಡಲಿಲ್ಲವೆಂದು ಒಂದು ಮುಖ ಇದೆ, ಅದನ್ನು ಕಂಡರೆ ಕಾಕಾಗೆ ಆಗದು. "ಅದು ಆಕಿ ಅಲ್ಲವೇ ಅಲ್ಲ, ಆಕಿ ಮ್ಯಾಲ ಯಾರೋ ಫಿರ್ಯಾದಿ ಕೊಟ್ಟಂಗೈತಿ" ಎನ್ನುತ್ತಿದ್ದರು.

ಇದಕ್ಕೊಂದು ಕಾರಣ ಇತ್ತು, ಕಾಕಿಯೇ ಒಂದು ದಿನ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಹೇಳಿದ್ದರು. ಅವರ ತವರು ಗದ್ವಾಲ. ತಂದೆ ಮಗ್ಗದವರಿಗೆ ನೂಲು ಕೊಟ್ಟು ಸೀರೆ ನೇಯಿಸಿ ಮಾರುತ್ತಿದ್ದರು. ಮದುವೆಯ ವಯಸ್ಸಿಗೆ ಬಂದಾಗ ಗಂಡಿನ ಕಡೆಗೆ ಕಳಿಸಲು ಅವರನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರಂತೆ. ಇವರಿಗೆ ನಗು ತಡೆಯದು. ಫೋಟೋದವನು "ನಗಬ್ಯಾಡಮ್ಮಾ, ನಗಬ್ಯಾಡ" ಎಂದು ಗದರಿಸಿ ಗದರಿಸಿ, ಕೊನೆಗೆ ಮುಖ ಗಂಟಿಕ್ಕಿಕೊಂಡ ಒಂದು ಹುಡುಗಿಯ ಫೋಟೋ ತೆಗೆದನಂತೆ. ಅದು ಗಂಡಿನ ಮನೆಗೆ ಹೋಯಿತು, ತಿರುಗಿ ಬಂತು. ಹುಡುಗಿಯ ಮುಖದಲ್ಲಿ ಕಳೆ ಇಲ್ಲ ಎಂದರಂತೆ.

"ನೀರೊಲಿಗೆ ಹಾಕಿಬಿಟ್ಟೆ ನೋಡವಾ ಅದನ್ನ. ಅವತ್ತ ಆಣಿ ಮಾಡ್ದೆ, ಇನ್ನ ಯಾವ ಕ್ಯಾಮ್ರಾದ ಮುಂದೂ ಮಾರಿ ಇಡಂಗಿಲ್ಲ."

"ಮತ್ತ ಕಾಕಾ ಹೆಂಗ ಒಪ್ಪಿದ್ರು?"

"ಅವ್ರು ಸೀರಿ ಒಯ್ಯಾಕ ಬಂದಿದ್ರು. ನಮ್ಮಪ್ಪ ನನ್ನ ಕರದು, ಸೆರಗು ಹಾಕ್ಕೊಂಡು ತಿರುಗಿ ನಿಂದ್ರು ಅಂದ. ನಾ ತಿರುಗಿ ನಿಂತೆ. ಒಳಗ ನಮ್ಮ ತಂಗಿ ಏನೋ ಸೊಟ್ಟ ಮಾರಿ ಮಾಡಿದ್ಲು, ನಾ ಜೋರ ನಕ್ಕೆ. ಅಷ್ಟ. ಮಾರಿ ನೋಡದನ, ಈಕಿನ್ನ ಮಾಡ್ಕೋತೀನಿ ಅಂತ ಹೇಳಿ ಕಳಿಸಿದ್ರು."

ಗೋಡೆಯಾಚೆಯಿಂದ ಕಾಕಾನ ದನಿ ಬಂತು. "ಸೀರೀನೂ ಛಲೋ ಇತ್ತು!"

ಹೀಗಿದ್ದ ಕಾಕಾ ನಿವೃತ್ತಿಗೆ ಮುಂಚಿನ ವರ್ಷ ಒಂದು ಕಿರುಚಿತ್ರ ಮಾಡಿದರು. ಅದಕ್ಕೆ ಅರ್ಧ ಪಾಪ ನನ್ನದು. ನಮ್ಮನ್ನು, ಅಂದರೆ ಟೀಚರುಗಳನ್ನು, ಪಾಠಗಳ ಮೇಲೆ ಕಿರುಚಿತ್ರ ಮಾಡುವ ತರಬೇತಿಗೆ ಕಳಿಸಿದ್ದರು. ಕ್ಯಾಮೆರಾ ಹಿಡಿಯುವ ಮೊದಲು ಕಥೆಯನ್ನು ಸ್ಕ್ರಿಪ್ಟಾಗಿ ಬರೆಯಬೇಕು, ಆಮೇಲೆ ಒಂದೊಂದು ದೃಶ್ಯಕ್ಕೂ ಒಂದೊಂದು ಚೌಕ ಹಾಕಿ, ತೆರೆಯ ಮೇಲೆ ಏನು ಕಾಣಬೇಕೋ ಅದನ್ನು ಚಿತ್ರ ಬರೆದುಕೊಳ್ಳಬೇಕು, ಅದಕ್ಕೆ ಸ್ಟೋರಿಬೋರ್ಡ್ ಎನ್ನುತ್ತಾರೆ ಎಂದು ಕಲಿಸಿದರು. ನಾನು ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಈ ಪಾಂಡಿತ್ಯವನ್ನೆಲ್ಲ ಕಾಕಾನ ಮುಂದೆ ಸುರಿದೆ.

"ಅಂದ್ರ ಖಾನೆ ಖಾನೆ ಮಾಡಿ ಮೊದ್ಲ ಬರದು ಇಟ್ಕೊಳ್ಳೋದು. ಆಮ್ಯಾಲ ಹಂಗ ತಗಿಯೋದು," ಎಂದರು ಕಾಕಾ.

"ಹೌದ್ರಿ ಕಾಕಾ."

"ಅಂದ್ರ ನಾ ಏನ ಬರೀತೀನಿ, ಅದ ಬರ್ಬೇಕು."

"ಬರ್ಬೇಕ್ರಿ."

ಕಾಕಾ ಎದ್ದು ತಿರುಗಿ ನಿಂತರು. ಬೇವಿನ ಗಿಡ ನೋಡತೊಡಗಿದರು. ಆಗಲೇ ನನಗೆ ಹೊಳೆಯಬೇಕಿತ್ತು, ಏನೋ ಮನಸ್ಸಿನ ಮಾತು ಇದೆ ಎಂದು.

ಸಾವ್ಕಾರರಿಗೂ ಆ ಸಲ ಮದುವೆಯ ಹಂಗಾಮಿಗೆ ಮೊದಲು ಫೋನಿನಲ್ಲಿ ಹಾಕಲು ನಾರಾಯಣಪೇಟೆ ಸೀರೆಯ ಮೇಲೆ ಒಂದು ಸಣ್ಣ ಚಿತ್ರ ಬೇಕಾಗಿತ್ತು. ಹೈದರಾಬಾದಿನಿಂದ ಯಾರನ್ನೋ ಕರೆಸುವ ಮಾತು ನಡೆದಿತ್ತು. ಕಾಕಾ ಹೋಗಿ, ಯಾರೂ ಬೇಡ, ನಾನೇ ಮಾಡುತ್ತೇನೆ ಎಂದರು. ಇಷ್ಟು ವರ್ಷದಲ್ಲಿ ಅವರು ಏನನ್ನೂ ಕೇಳಿದವರಲ್ಲ, ಹಾಗಾಗಿ ಸಾವ್ಕಾರರು ಹೂಂ ಅಂದರು.

ಅವತ್ತಿನಿಂದ ನಮ್ಮ ಮನೆಗೆ ನೆಮ್ಮದಿ ಇರಲಿಲ್ಲ. ಸೀರೆಯ ಡಬ್ಬಿಗಳ ರಟ್ಟನ್ನು ಕತ್ತರಿಸಿ ಹಿಂಬದಿಗೆ ಸ್ಕೇಲಿನಿಂದ ಖಾನೆ ಹಾಕಿ, ನನ್ನ ಮಗಳ ಬಣ್ಣದ ಪೆನ್ಸಿಲ್ಲುಗಳನ್ನೆಲ್ಲ ಒಯ್ದರು. ಹಸಿರು ಮುಗಿಸಿದರು, ಕೆಂಪು ಮುಗಿಸಿದರು. ಕಥೆ ಬಹಳ ಸರಳ. ಮಗ್ಗದಿಂದ ಇಳಿದ ಹೊಸ ಸೀರೆಯನ್ನು ಒಬ್ಬ ಹೆಂಗಸು ಉಟ್ಟುಕೊಂಡು ಓಣಿಯಲ್ಲಿ ನಡೆದು ಬರುತ್ತಾಳೆ. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು "ತಿರುಗು, ನೋಡೋಣ" ಎನ್ನುತ್ತಾರೆ. ಅವಳು ತಿರುಗಿ ಸೆರಗು ತೋರಿಸುತ್ತಾಳೆ. ಕೊನೆಗೆ ತನ್ನ ಮನೆಯ ಹೊಸ್ತಿಲಿಗೆ ಬಂದಾಗ ಗಂಡನ ದನಿ ಕೇಳುತ್ತದೆ, "ತಿರುಗು, ನೋಡೋಣ." ಆಗ ಅವಳು ಈ ಕಡೆ ತಿರುಗುತ್ತಾಳೆ. ಮುಖ ಕಾಣುತ್ತದೆ. ಮುಗಿಯಿತು.

"ಓಣಿಗೆಲ್ಲ ಸೆರಗು, ಗಂಡಗ ಮಾರಿ. ಹೆಂಗೈತಿ?" ಎಂದರು.

ನಾನು ಬೆರಗಾದೆ. ಛಲೋ ಇತ್ತು. ಆದರೆ ರಟ್ಟುಗಳನ್ನು ಸಾಲಾಗಿ ಗೋಡೆಗೆ ಒರಗಿಸಿ ನೋಡಿದಾಗ ಏನೋ ಕಸಿವಿಸಿ. ಸೆರಗುಗಳೇನೋ ಸೊಗಸಾಗಿದ್ದವು, ಕೆಂಪು ಬಿಳಿ ಪಟ್ಟಿ, ಚೌಕುಳಿ ಮೈ, ಗೋಪುರದ ಅಂಚು, ಒಂದು ಎಳೆ ಆಚೀಚೆ ಇರಲಿಲ್ಲ. ಆದರೆ ನಡೆದು ಬರುವವಳಿಗೂ ಬೆನ್ನು, ಬಾಗಿಲಲ್ಲಿ ನಿಂತು ಕೇಳುವವಳಿಗೂ ಬೆನ್ನು, ಕಟ್ಟೆಯ ಮೇಲೆ ಕೂತ ಮುದುಕಿಗೂ ಬೆನ್ನು. ಮಗ್ಗದ ಮೇಲೆ ಕೂತವನದೂ ಬೆನ್ನು. ಒಂದು ಆಡು ಕೂಡ ಆ ಕಡೆ ಮುಖ ಮಾಡಿ ಹೊರಟಿತ್ತು.

"ಕಾಕಾ, ಎಲ್ಲಾರೂ ಯಾಕ ಹಿಂಗ ನಿಂತಾರ?"

"ಮತ್ತ ಸೀರಿ ಹೆಂಗ ಕಾಣಬೇಕವಾ?" ಎಂದವರು, ಆಮೇಲೆ ತಗ್ಗಿದ ದನಿಯಲ್ಲಿ, "ನನಗ ಮಾರಿ ಬರಿಯಾಕ ಬರಂಗಿಲ್ಲ" ಎಂದು ಒಪ್ಪಿಕೊಂಡರು.

ಕೊನೆಯ ಖಾನೆ ಖಾಲಿ ಇತ್ತು. ಸುತ್ತ ಗೆರೆ ಮಾತ್ರ ದಪ್ಪಗೆ ಎಳೆದಿದ್ದರು. ಅದನ್ನು ನೋಡಿದೆ, ಕಾಕಾನನ್ನು ನೋಡಿದೆ. ಕಾಕಾ ಬೇವಿನ ಗಿಡ ನೋಡುತ್ತಿದ್ದರು. ಆ ಹೆಂಗಸಿನ ಪಾತ್ರ ಯಾರದು ಎಂದು ನಾನು ಕೇಳಲಿಲ್ಲ. ಈ ಸಿನಿಮಾ ಯಾತಕ್ಕೆ ಹುಟ್ಟಿದೆ ಎಂದು ಆ ಖಾಲಿ ಖಾನೆ ನೋಡಿದ ಕೂಡಲೇ ಗೊತ್ತಾಗಿತ್ತು. ಹೆಂಡತಿಯ ನಗುವ ಮುಖ ಒಂದು ಸಲ, ಒಂದೇ ಸಲ, ಎಲ್ಲಾದರೂ ಉಳಿಯಬೇಕು ಎನ್ನುವುದು ಅವರ ಆಸೆ.

ಕಾಕಿಯನ್ನು ಒಪ್ಪಿಸುವುದು ಹೇಗೆಂದು ನಾನು ಚಿಂತೆ ಮಾಡುತ್ತಿದ್ದೆ. ಅವರೇ ಚಹಾ ತಂದವರು ರಟ್ಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದರು.

"ಬರೇ ಬೆನ್ನ ಐತಲ್ಲ ಇದರಾಗ. ಇಷ್ಟ ಆದ್ರ ನಾ ಬರ್ತೀನಿ. ಆದ್ರ ಗದ್ವಾಲ ಸೀರಿ ಉಡ್ತೀನಿ."

"ಇದು ನಾರಾಯಣಪೇಟಿ ಸೀರಿ ಸಿನಿಮಾ," ಎಂದರು ಕಾಕಾ ಕಳವಳದಿಂದ.

"ನಮ್ಮೂರ ಸೀರಿ ಮುಂದ ನಿಮ್ಮೂರ ಸೀರಿ ಅಂದ್ರ ಮೈ ಒರಸೋ ಟಾವೆಲ್ಲು. ಇರ್ಲಿ, ಉಡ್ತೀನಿ." ಅಷ್ಟರಲ್ಲಿ ಅವರ ಬೆರಳು ಕೊನೆಗೆ ಬಂದಿತ್ತು. "ಇದ್ಯಾಕ ಖಾಲಿ ಬಿಟ್ಟೀರಿ?"

ಕಾಕಾ ಸುಳ್ಳು ಹೇಳಬಹುದಿತ್ತು. ಬಣ್ಣ ಮುಗಿಯಿತು ಎಂದಿದ್ದರೂ ನಡೆಯುತ್ತಿತ್ತು. ಅವರು ತಿರುಗಿ ನಿಂತು, "ಅದು ನಿಂದು. ತುಂಬಿದ್ರ ತುಂಬು, ಬಿಟ್ರ ಬಿಡು" ಎಂದರು.

ಕಾಕಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಇನ್ನೂ ಕುಡಿದಿರಲಿಲ್ಲ.

ಸ್ಕ್ರಿಪ್ಟ್ ಬರೆಯುವ ಕೆಲಸ ನನಗೆ ಬಿತ್ತು. ನಾನು ಕನ್ನಡ ಟೀಚರು, ಕೈ ಸುಮ್ಮನಿರುತ್ತದೆಯೇ. 'ಆಹಾ, ಎಂತಹ ಮನಮೋಹಕ ಸೀರೆ' ಎಂದು ಮೊದಲನೆಯ ಬಾಗಿಲಿನವಳಿಗೆ ಬರೆದುಕೊಟ್ಟೆ. ಕಾಕಾ ಓದಿ ನನ್ನ ಮುಖವನ್ನೇ ನೋಡಿದರು. ಅವರು ಎದುರು ನಿಂತು ಮುಖ ನೋಡಿದ್ದು ಅಪರೂಪ, ಅದಕ್ಕೇ ನೆನಪಿದೆ. "ತಂಗೀ, ನಮ್ಮ ಓಣ್ಯಾಗ ಹಿಂಗ ಯಾರರ ಅಂದ್ರ ದವಾಖಾನಿಗೆ ಒಯ್ತಾರ" ಎಂದರು. ಕೊನೆಗೆ ಎಲ್ಲರೂ ತಮ್ಮ ತಮ್ಮ ಮನೆಯ ಮಾತನ್ನೇ ಆಡಲಿ ಎಂದಾಯಿತು. ಎದುರು ಮನೆಯವಳು ತೆಲುಗಿನಲ್ಲಿ "ಜರ ತಿರುಗು ಅಕ್ಕಾ, ಚೂಸ್ತ" ಎನ್ನುವುದು, ಮೂಲೆಮನೆಯ ಖಾಲಾ ದಖನಿಯಲ್ಲಿ "ಜರಾ ಘೂಮೋ ಅಮ್ಮಾ" ಎನ್ನುವುದು, ನಾನು ಕನ್ನಡದಲ್ಲಿ ಅನ್ನುವುದು. ನನ್ನ ಅಷ್ಟುದ್ದದ ಸ್ಕ್ರಿಪ್ಟಿನಲ್ಲಿ ಕೊನೆಗೆ ಉಳಿದದ್ದು ಒಂದೇ ಮಾತು, ಮೂರು ಭಾಷೆಯಲ್ಲಿ.

ಶೂಟಿಂಗಿನ ದಿನ ಮಖ್ತಲ್‌ನಿಂದ ಕ್ಯಾಮೆರಾದವನು ಬಂದ. ಮದುವೆಗಳ ವಿಡಿಯೋ ತೆಗೆಯುವವನು, ನಮ್ಮ ಶಾಲೆಯ ಎದುರೇ ಅವನ ಸ್ಟುಡಿಯೋ. ಕಾಕಾ ಬೆಳಿಗ್ಗೆಯೇ ರಟ್ಟುಗಳನ್ನೆಲ್ಲ ನಮ್ಮ ಹೊರಗೋಡೆಗೆ ಸಾಲಾಗಿ ಮೊಳೆ ಹೊಡೆದು, ಓಣಿಯ ಹೆಂಗಸರಿಗೆಲ್ಲ "ನೋಡ್ಕೊಳ್ರಿ, ಹಿಂಗಿಂದ ಹಿಂಗ ಬರ್ಬೇಕು. ಒಂದು ಕೂದಲ ಫರಕ್ ಆಗಬಾರ್ದು" ಎಂದು ತಾಕೀತು ಮಾಡಿದ್ದರು. ಅವರೂ ಮದುವೆಮನೆಗೆ ಹೊರಟಂತೆ ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟು ಬಂದು, ಚಿತ್ರ ನೋಡಿ ನೋಡಿ ಗಟ್ಟಿ ಮಾಡಿಕೊಂಡರು.

ಕ್ಯಾಮೆರಾದವನು ಶುರು ಎಂದ. ಕಾಕಿ ನಡೆದರು. ಎದುರು ಮನೆಯವಳ ಬಾಗಿಲು ಬಂತು. ಆಕೆ ಕ್ಯಾಮೆರಾದ ಕಡೆ ಮುಖ ಮಾಡಿ ನಿಂತು ಮಾತಾಡಬೇಕಿತ್ತು. ಆದರೆ ರಟ್ಟಿನಲ್ಲಿ ಬೆನ್ನು ಇದೆಯಲ್ಲ! ಆಕೆ ಗಪ್ಪನೆ ತಿರುಗಿ, ತನ್ನ ಸೆರಗು ಹರವಿ, ಮನೆಯ ಒಳಗಿನ ದೇವರಕೋಣೆಗೆ ಹೇಳಿದಂತೆ "ಜರ ತಿರುಗು ಅಕ್ಕಾ, ಚೂಸ್ತ" ಎಂದಳು. ಮುಂದಿನ ಬಾಗಿಲಲ್ಲಿ ಖಾಲಾ ಇನ್ನೂ ಚೆನ್ನಾಗಿ ಬೆನ್ನು ಮಾಡಿದರು. ಕಟ್ಟೆಯ ಮೇಲಿನ ಮುದುಕಿ ಕಷ್ಟಪಟ್ಟು ಗೋಡೆಯ ಕಡೆ ಹೊರಳಿ ಕೂತಳು. ನೋಡುವವರೆಲ್ಲ ಗೋಡೆ ನೋಡುತ್ತಿದ್ದರು, ತೋರಿಸಬೇಕಾದ ಕಾಕಿ ನಡು ಓಣಿಯಲ್ಲಿ ಒಬ್ಬರೇ ನಿಂತು ಹೊಟ್ಟೆ ಹಿಡಿದುಕೊಂಡಿದ್ದರು. ನಗು ಕೇಳುತ್ತಿತ್ತು, ಬೆನ್ನು ಕುಲುಕುತ್ತಿತ್ತು, ಮುಖ ಮಾತ್ರ ಆಣೆಯಂತೆ ಆ ಕಡೆಗೇ.

"ಸಾರ್, ಈ ಸಿನಿಮಾದಾಗ ಯಾರಿಗೂ ಮಾರಿನ ಇಲ್ಲೇನ್ರಿ?" ಎಂದ ಕ್ಯಾಮೆರಾದವನು.

"ಅಕ್ಕಾರ, ನೀವು ಇತ್ಲಾಗ ನೋಡ್ರಿ, ಆಕಿ ಒಬ್ಬಾಕಿನ ಅತ್ಲಾಗ ನೋಡ್ಬೇಕು" ಎಂದು ಕಾಕಾ ಓಡಿಬಂದರು. ಹೇಗೆ ನಿಲ್ಲಬೇಕೆಂದು ತಾವೇ ಮಾಡಿ ತೋರಿಸಲು ಹೋದರು. ಹೆಗಲ ಮೇಲಿನ ಟಾವೆಲ್ಲನ್ನು ಸೆರಗಿನಂತೆ ಎಸೆದುಕೊಂಡವರೇ ಅಭ್ಯಾಸಬಲದಿಂದ ಗರ್ರನೆ ತಿರುಗಿ ಎಲ್ಲರಿಗೂ ಬೆನ್ನು ಮಾಡಿ ನಿಂತರು. ಇಡೀ ಓಣಿ ಹೋ ಎಂದಿತು. ಕೊನೆಗೆ ನಾನೇ ಹೋಗಿ, ಇಷ್ಟಪಟ್ಟು ಬರೆದ ರಟ್ಟುಗಳನ್ನು ಅವರ ಎದುರೇ ತೆಗೆದು ಒಳಗಿಟ್ಟೆ. ಆಮೇಲೆ ಕೆಲಸ ಸರಾಗ ನಡೆಯಿತು. ಕೊನೆಯ ಖಾನೆಯ ರಟ್ಟು ಒಂದನ್ನು ಮಾತ್ರ ಕಾಕಾ ತೆಗೆಯಗೊಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕಾಕಿ ತಮ್ಮ ಮನೆಯ ಹೊಸ್ತಿಲಿಗೆ ಬಂದು ನಿಂತರು. ಅಷ್ಟೊತ್ತೂ ಗದ್ದಲ ಮಾಡಿದ ಹೆಂಗಸರು ತಾವಾಗಿ ಹಿಂದೆ ಸರಿದು ನಿಂತರು. ಕಾಕಿಯ ಆಣೆ ಎಲ್ಲರಿಗೂ ಗೊತ್ತಿತ್ತು. ಕ್ಯಾಮೆರಾದ ಹಿಂದೆ ನಿಂತು "ತಿರುಗು, ನೋಡೋಣ" ಎನ್ನಬೇಕಾದವರು ಕಾಕಾ. ಬಾಯಿ ತೆರೆದರು. ಮೂರು ಭಾಷೆಯಲ್ಲಿ ಸೀರೆ ಮಾರಿದ ಮನುಷ್ಯನಿಗೆ ಒಂದು ಭಾಷೆಯಲ್ಲೂ ಮಾತು ಸಿಗಲಿಲ್ಲ. ಕಾಕಿಯ ಬೆನ್ನು ಅಲುಗಾಡಲಿಲ್ಲ.

ಆಗ ಕಾಕಾನ ಕಣ್ಣಿಗೆ ಸೆರಗಿನ ಒಂದು ಮಡಿಕೆ ಬಿತ್ತು. ಅದು ಮುದುರಿಕೊಂಡಿತ್ತು. ಮುದುರಿದ ಸೆರಗನ್ನು ಅವರು ಸಹಿಸುವವರಲ್ಲ. ಕ್ಯಾಮೆರಾ ಓಡುತ್ತಿದ್ದುದನ್ನೂ ಮರೆತು ಸರಸರನೆ ಹೊಸ್ತಿಲಿಗೆ ಹೋಗಿ, ಮಡಿಕೆ ಬಿಡಿಸಿ, ಅಂಗೈಯಿಂದ ನೇವರಿಸಿ ಸರಿ ಮಾಡಿದರು. ನಾನು ಬಾಗಿಲ ಪಕ್ಕದಲ್ಲೇ ಇದ್ದೆ, ಅವರು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು.

"ಸೆರಗು ಛಲೋ ಬಂದೈತಿ, ಸಾಕು. ನಿನಗ ಮನಸಿಲ್ಲಂದ್ರ ಬ್ಯಾಡ. ಹಂಗ ಒಳಗ ನಡೀ, ಇಬ್ರೂ ಹೋಗೂಣು. ಸಿನಿಮಾ ಮುಗೀತು."

ಹಾಗೆ ಹೇಳಿ, ಅವರ ಪಕ್ಕದಲ್ಲೇ, ಬಾಗಿಲ ಕಡೆ ಮುಖ ಮಾಡಿ, ಒಳಗೆ ಹೋಗಲು ಅಣಿಯಾಗಿ ನಿಂತರು. ವರ್ಷಗಟ್ಟಲೆ ಕಾದ ಆಸೆಯನ್ನು ಆ ಮನುಷ್ಯ ಒಂದು ಮಡಿಕೆ ಬಿಡಿಸಿದಷ್ಟು ಸಲೀಸಾಗಿ ಬಿಟ್ಟುಬಿಟ್ಟರು.

ಕಾಕಿ ತಿರುಗಿದರು.

ಯಾರೂ ಹೇಳದೆ, ಯಾರೂ ಕೇಳದೆ, ನಿಧಾನಕ್ಕೆ ಈ ಕಡೆ ತಿರುಗಿ ಕ್ಯಾಮೆರಾವನ್ನು ನೇರ ನೋಡಿದರು. ಆಮೇಲೆ ಪಕ್ಕಕ್ಕೆ ನೋಡಿದರು. ಇದಕ್ಕಾಗಿ ಇಷ್ಟೆಲ್ಲ ರಟ್ಟು ಬರೆದ ಗಂಡ ಕದ ನೋಡುತ್ತಾ ನಿಂತಿದ್ದ! ಕಾಕಿಗೆ ತಡೆಯಲಾಗಲಿಲ್ಲ. ಆ ಬಾವಿಕಟ್ಟೆಯ ನಗು ಒಮ್ಮೆಗೇ ಬಂತು, ಬಾಯಿ ತುಂಬ, ಕಣ್ಣು ತುಂಬ.

"ಏನ್ರೀ, ನಾ ತಿರುಗಿದ್ರ ನೀವು ಬಾಗ್ಲ ನೋಡ್ತೀರಲ್ರೀ! ಇತ್ಲಾಗ ತಿರುಗ್ರೀ!"

ಕಾಕಾ ಗಾಬರಿಯಿಂದ ತಿರುಗುವಷ್ಟರಲ್ಲಿ ಕಾಕಿ ಬಾಯಿಗೆ ಸೆರಗು ಅಡ್ಡ ಹಿಡಿದಾಗಿತ್ತು. "ಮತ್ತೊಮ್ಮಿ, ಮತ್ತೊಮ್ಮಿ" ಎಂದು ಕಾಕಾ ಬಡಕೊಂಡರು. "ಒಮ್ಮಿ ಅಂದ್ರ ಒಮ್ಮಿ" ಎಂದು ಕಾಕಿ ಒಳಗೆ ಹೋಗಿ ಒಲೆ ಹಚ್ಚಿದರು.

ಸಾವ್ಕಾರರು ಚಿತ್ರ ನೋಡಿ, ಕೊನೆಗೆ ಬರುವ ಈ ಬಿಳಿ ಅಂಗಿಯ ಬೆನ್ನನ್ನು ತೆಗೆಯಲು ಬರುವುದಿಲ್ಲವೇ ಎಂದು ಕೇಳಿದರು. ಬರುವುದಿಲ್ಲ ಎಂದು ನಾನು ಹೇಳಿದೆ. ಕಾಕಾ ಮಾತ್ರ ವಾರಕ್ಕೊಮ್ಮೆಯಾದರೂ ನಮ್ಮ ಮನೆಗೆ ಬಂದು, ಕ್ಯಾಲೆಂಡರು ನೋಡುತ್ತಾ, "ತಂಗೀ, ಆ ಕಡೀ ಖಾನೆ ಒಂದೀಟು ತೋರ್ಸು" ಎನ್ನುತ್ತಿದ್ದರು. ತೋರಿಸಿದರೆ, ಅದೊಂದು ಸಲ, ಫೋನಿಗೆ ಮುಖ ಹತ್ತಿಸಿ ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಇಬ್ಬರೂ ಗದ್ವಾಲಕ್ಕೆ, ಕಾಕಿಯ ತವರಿನ ಓಣಿಗೆ ಹೋಗಿ ನೆಲೆಸಿದರು. ಅಲ್ಲಿಂದಲೂ ಫೋನು ಮಾಡಿದಾಗ ನಾನು ಅದನ್ನೇ ಕಳಿಸುತ್ತಿದ್ದೆ. ಹೊಸ ಫೋನಿನಲ್ಲಿ ಅದು ಎಲ್ಲಿ ಕೂತಿದೆಯೆಂದು ಅವರಿಗೆ ಯಾವ ಸಲವೂ ಗೊತ್ತಾಗುತ್ತಿರಲಿಲ್ಲ.

ಕಾಕಾನ ಮಗಳು ಕೇಳಿದಂಥ ಫೋಟೋ ನನ್ನ ಬಳಿ ಇರಲಿಲ್ಲ. ಅವಳು ಕೊನೆಗೆ ಅಪ್ಪನ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದಳಂತೆ. ಕಾಕಿ ಅದನ್ನು ನೋಡಿ, "ಇವ್ರು ಯಾರೋ ನನಗ ಗೊತ್ತಿಲ್ಲ. ಟೀಚರಗ ಹೇಳು, ಸಿನಿಮಾದ್ದು ಕಡೀ ಖಾನೆ ಕಳಸಂತ" ಎಂದರಂತೆ. ಕಳಿಸಿದೆ.

ಕಾಕಾನ ಹೆಸರಿನಲ್ಲಿ ನಡೆದ ಶಿವಗಣಾರಾಧನೆಯ ದಿನ ನಾನು ಗದ್ವಾಲಕ್ಕೆ ಹೋದೆ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿ ಅದೇ ಫೋಟೋ ಇಟ್ಟಿದ್ದರು. ಹೊಸ್ತಿಲ ಮುಂದೆ ಕಾಕಿ ಬಾಯಿ ತುಂಬ ನಗುತ್ತಿದ್ದಾರೆ, ಪಕ್ಕದಲ್ಲಿ ಕಾಕಾನ ಬೆನ್ನು. ಕೈಮುಗಿಯಲು ಬಂದವರು ಗಲಿಬಿಲಿಯಾಗಿ, ಯಾರಿಗೆ ಮುಗಿಯುವುದೆಂದು ತಿಳಿಯದೆ ನಿಲ್ಲುತ್ತಿದ್ದರು. ಕಾಕಿ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತರು. ಆವತ್ತು ಯಾಕೆ ತಿರುಗಿದಿರಿ ಎಂದು ನಾನು ಎಂದೂ ಕೇಳಿರಲಿಲ್ಲ, ಅವರೇ ಹೇಳಿದರು.

"ಆ ಫೋಟೋದಾಂವ ನಗಬ್ಯಾಡ ಅಂದಿದ್ದ. ಇವ್ರು ನಿನಗ ಬ್ಯಾಡಂದ್ರ ಬ್ಯಾಡ, ಒಳಗ ನಡೀ ಅಂದ್ರು. ಅಷ್ಟ ನೋಡವಾ."

ಅಷ್ಟರಲ್ಲಿ ಹೊರಗೆ ಯಾರೋ ಬೀಗರು ದಪ್ಪನೆಯ ಹೂವಿನ ಹಾರ ತಂದು ಫೋಟೋಕ್ಕೆ ಹಾಕಲು ಹೋದರು. ಕಾಕಿ ಕಂಡವರೇ ಗಡಬಡಿಸಿ ಎದ್ದರು.

"ಏ, ನಿಲ್ರೆಪಾ! ಹಾರ ಹಾಕಬ್ಯಾಡ್ರಿ. ಅದರಾಗ ನಾನೂ ಅದೀನಿ. ಇನ್ನ ಜೀವಂತ ಅದೀನಿ!"

ಮೊದಲು ಮಗಳು ನಕ್ಕಳು. ಆಮೇಲೆ ನಾನು, ಆಮೇಲೆ ಹಾರ ಹಿಡಿದವರು, ಆಮೇಲೆ ಸ್ವಾಮಿಗಳು ಕೂಡ. ಎಲ್ಲರಿಗಿಂತ ಜೋರಾಗಿ ಕಾಕಿ. ಆ ನಗು ಹೊರಗಿನ ಓಣಿಗೂ ಕೇಳಿರಬೇಕು, ಯಾರೋ ಬಾಗಿಲಲ್ಲಿ ಇಣುಕಿದರು. ಹಾರವನ್ನು ಕಾಕಿ ತಾವೇ ಇಸಿದುಕೊಂಡು ಕುರ್ಚಿಯ ಕಾಲಿಗೆ ಸುತ್ತಿದರು. ಆಮೇಲೆ ಫೋಟೋದ ಮುಂದೆ ನಿಂತು, ಗಾಜಿನ ಮೇಲೆ ಕಾಕಾನ ಬೆನ್ನಿನ ಜಾಗದಲ್ಲಿ ಅಂಗೈಯಿಂದ ಒಮ್ಮೆ ನೇವರಿಸಿದರು. ನಗು ಇನ್ನೂ ಮುಖದ ಮೇಲಿತ್ತು.

"ಬಾಗ್ಲ ದಾಟೂಕಿಂತ ಮೊದ್ಲ ಒಮ್ಮಿ ತಿರುಗಿದ್ರ ಏನಾಕ್ಕಿತ್ತು ಇವ್ರಿಗೆ," ಎಂದರು.